ನೆರೆಮನೆಯ ಯುದ್ಧಕ್ಕೆ ದಾರಿ ಕೊಟ್ಟ ಕುವೈತ್ ಮತ್ತು ನಮ್ಮ ಮೌನ

2025ರ ಜೂನ್ 23ರ ರಾತ್ರಿ ತಲ್ಲೂರಿನ ಹಲವು ಮನೆಗಳಲ್ಲಿ ದೀಪ ಆರಲಿಲ್ಲ. ಕತಾರಿನ ಅಲ್ ಉದೈದ್‌ನಲ್ಲಿರುವ ಅಮೆರಿಕದ ವಾಯುನೆಲೆಯ ಮೇಲೆ ಇರಾನ್ ಕ್ಷಿಪಣಿಗಳನ್ನು ಹಾರಿಸಿದೆ ಎಂಬ ಸುದ್ದಿ ಟಿ.ವಿ.ಯಲ್ಲಿ ಬರುತ್ತಿತ್ತು. ಕತಾರ್ ಮಾತ್ರವಲ್ಲ, ಕುವೈತ್, ಬಹ್ರೈನ್, ದುಬೈಗಳ ಆಕಾಶವೂ ಕೆಲವು ಗಂಟೆಗಳ ಕಾಲ ಮುಚ್ಚಿತು. ರಜೆ ಮುಗಿಸಿ ಹೊರಟವರು ವಿಮಾನ ನಿಲ್ದಾಣದಲ್ಲೇ ಉಳಿದರು. ಮರುದಿನ ಬೆಳಗ್ಗಿನ ಬಲಿಪೂಜೆಯ ಬಳಿಕ, ಮಗ ದೋಹಾದಲ್ಲಿರುವ ತಾಯಿಯೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು: "ಫಾದರ್, ಕತಾರಿನವ್ರ್ ಯಾರ ತಂಟೆಗೂ ಹೋಪವ್ರಲ್ಲ ಅಲ್ದಾ? ಮತ್ತ್ ಅಲ್ಲಿಗ್ ಎಂತಕ್ಕೆ ಬಾಂಬ್ ಹಾಕ್ದ್ರ್?"

ಅವರಿಗೆ ನಾವು ಕೊಟ್ಟ ಉತ್ತರ ಚಿಕ್ಕದು: ಅಲ್ಲಿ ಅಮೆರಿಕದ ಸೈನ್ಯ ಇದೆ, ಅದಕ್ಕೆ. ಆದರೆ ಆ ಸೈನ್ಯ ಅಲ್ಲಿ ಯಾಕಿದೆ, ತನ್ನ ನೆಲವನ್ನು ದೊಡ್ಡ ಮಿತ್ರನಿಗೆ ಬಿಟ್ಟುಕೊಟ್ಟ ಸಣ್ಣ ದೇಶ ಪಡೆಯುವುದೇನು, ತೆರುವುದೇನು, ಅದರ ಲೆಕ್ಕದಲ್ಲಿ ಅಲ್ಲಿ ದುಡಿಯುವ ನಮ್ಮವರು ಎಲ್ಲಿ ಬರುತ್ತಾರೆ ಎಂಬುದು ಚರ್ಚ್ ಮೆಟ್ಟಿಲ ಮೇಲೆ ನಿಂತು ಹೇಳಿ ಮುಗಿಸುವ ಮಾತಲ್ಲ. ಇದನ್ನು ತಿಳಿಯಲು ಕತಾರಿಗಿಂತ ಕುವೈತಿನ ಕಥೆಯೇ ಹೆಚ್ಚು ಸಹಾಯಕ. 2003ರಲ್ಲಿ ನೆರೆಯ ಇರಾಕಿನ ಮೇಲೆ ನಡೆದ ದಾಳಿಗೆ ಕುವೈತ್ ತನ್ನ ನೆಲ, ಬಂದರು, ಹೆದ್ದಾರಿ, ಎಣ್ಣೆ ಎಲ್ಲವನ್ನೂ ಕೊಟ್ಟಿತು. ಆ ಕಥೆಯಲ್ಲಿ ನಮ್ಮ ಕರಾವಳಿಯವರೂ ಇದ್ದಾರೆ, ಮೌನವಾಗಿ.

ಮೊದಲು 1990. ಕುವೈತಿನ ಗಾಯವನ್ನು ಅರಿಯದೆ ಅದರ ಮುಂದಿನ ನಡೆಯನ್ನು ತೂಗುವುದು ಅನ್ಯಾಯ. ಆಗಸ್ಟ್ 2ರ ನಸುಕಿನಲ್ಲಿ ಸದ್ದಾಂ ಹುಸೇನರ ಸೇನೆ ಗಡಿ ದಾಟಿತು. ಎರಡು ದಿನಗಳೊಳಗೆ ಒಂದು ದೇಶವೇ ನುಂಗಿ ಹೋಯಿತು. ರಾಜಮನೆತನ ಸೌದಿಗೆ ಓಡಿತು. ಅದೇ ತಿಂಗಳು ಬಾಗ್ದಾದ್ ಸರಕಾರ ಕುವೈತನ್ನು ತನ್ನ ಹತ್ತೊಂಬತ್ತನೆಯ ಪ್ರಾಂತವೆಂದು ಘೋಷಿಸಿತು. ಏಳು ತಿಂಗಳ ನಂತರ ಇರಾಕ್ ಸೇನೆ ಹಿಮ್ಮೆಟ್ಟುವಾಗ ಆರುನೂರಕ್ಕೂ ಹೆಚ್ಚು ಎಣ್ಣೆಬಾವಿಗಳಿಗೆ ಬೆಂಕಿ ಹಚ್ಚಿತು. ಕೊನೆಯ ಬೆಂಕಿ ಆರಿದ್ದು 1991ರ ನವೆಂಬರಿನಲ್ಲಿ. ಸುಮಾರು ಆರುನೂರು ಮಂದಿ ಕುವೈತಿಗಳು ಮತ್ತು ಅಲ್ಲಿ ನೆಲೆಸಿದ್ದವರು ಕಾಣೆಯಾದರು. ಅವರಲ್ಲಿ ಅನೇಕರ ಎಲುಬುಗಳು ಸಿಕ್ಕಿದ್ದು ಸದ್ದಾಂ ಪತನದ ಬಳಿಕ, ಇರಾಕಿನ ಮರುಭೂಮಿಯ ಸಾಮೂಹಿಕ ಗುಂಡಿಗಳಲ್ಲಿ.

ನಮ್ಮವರಿಗೂ ಆ ಆಗಸ್ಟ್ ನೆನಪಿದೆ. ಕುವೈತಿನಲ್ಲಿ ಆಗ ಸುಮಾರು 1,70,000 ಭಾರತೀಯರಿದ್ದರು. ವಿದೇಶ ಮಂತ್ರಿ ಐ. ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂರನ್ನು ಕಂಡರು. ಅದರ ಬಳಿಕ ನಮ್ಮ ಜನ ಇರಾಕ್ ಮೂಲಕ ಬಸ್ಸು, ಟ್ರಕ್ಕುಗಳಲ್ಲಿ ಜೋರ್ಡಾನ್ ಗಡಿ ಮುಟ್ಟಿ, ಡೇರೆಗಳಲ್ಲಿ ದಿನ ಕಳೆದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನ ಹತ್ತಿ ಮುಂಬಯಿಗೆ ಬಂದಿಳಿದರು. ಎರಡು ತಿಂಗಳಲ್ಲಿ ಐನೂರರ ಸಮೀಪ ಹಾರಾಟ. ಮುಂಬಯಿಯಿಂದ ಕುಂದಾಪುರಕ್ಕೆ ಬಸ್ಸು. ಕೊಂಕಣ ರೈಲು ಆಗ ಇನ್ನೂ ಇರಲಿಲ್ಲ. ಉಟ್ಟ ಬಟ್ಟೆಯಲ್ಲಿ ಬಂದವರು, ಬ್ಯಾಂಕ್ ಪುಸ್ತಕವನ್ನು ಅಲ್ಲೇ ಬಿಟ್ಟು ಬಂದವರು, ಮಗಳ ಮದುವೆಗೆಂದು ಕೂಡಿಟ್ಟ ಚಿನ್ನವನ್ನು ಫ್ಲ್ಯಾಟಿನ ಗೋಡೆಯೊಳಗೆ ಹುದುಗಿಸಿ ಬಂದವರು, ಇಂಥವರ ಕಥೆಗಳನ್ನು ಕೇಳಿಯೇ ನಮ್ಮ ತಲೆಮಾರು ಬೆಳೆದದ್ದು.

ಆದುದರಿಂದ 1991ರ ಫೆಬ್ರವರಿ 26ರಂದು ಕುವೈತ್ ಬಿಡುಗಡೆಯಾದಾಗ ಕರಾವಳಿಯಲ್ಲಿಯೂ ಸಂತೋಷವಾಯಿತು. ಆ ಯುದ್ಧಕ್ಕೆ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಒಪ್ಪಿಗೆ ಇತ್ತು, ಅರಬ್ ದೇಶಗಳ ಸೈನ್ಯವೂ ಇತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕುವೈತ್ ಅಮೆರಿಕದೊಂದಿಗೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿತು. ಮನೆಗೆ ಒಮ್ಮೆ ಕಳ್ಳ ನುಗ್ಗಿದ ಮೇಲೆ ಯಜಮಾನ ನಾಯಿ ಸಾಕಿದರೆ ಯಾರೂ ತಪ್ಪು ಹೇಳಲಾರರು. ಆದರೆ ಈ ಕಾವಲಿಗೆ ಸ್ವಂತ ಬುದ್ಧಿ, ಸ್ವಂತ ಹಗೆ, ಸ್ವಂತ ಲೆಕ್ಕಾಚಾರ ಇತ್ತು.

ಹನ್ನೆರಡು ವರ್ಷ ಕಳೆದು 2003 ಬಂತು. ಈ ಬಾರಿ ಇರಾಕ್ ಯಾರ ಮೇಲೂ ದಾಳಿ ಮಾಡಿರಲಿಲ್ಲ. ಸದ್ದಾಂ ಬಳಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆ ಎಂದು ವಾಷಿಂಗ್ಟನ್ ಮತ್ತು ಲಂಡನ್ ಹೇಳಿದವು. ಭದ್ರತಾ ಮಂಡಳಿ ಯುದ್ಧಕ್ಕೆ ಒಪ್ಪಿಗೆ ಕೊಡಲಿಲ್ಲ. ನಂತರ ಹುಡುಕಿದಾಗ ಆ ಅಸ್ತ್ರಗಳು ಸಿಗಲೂ ಇಲ್ಲ. ಕುವೈತ್ ಸರಕಾರ ಹೊರಗಡೆ ಹೇಳಿದ್ದು, "ನಾವು ಯುದ್ಧದಲ್ಲಿ ಭಾಗಿಗಳಲ್ಲ" ಎಂದು. ತನ್ನ ಒಬ್ಬ ಸೈನಿಕನನ್ನೂ ಅದು ಇರಾಕಿಗೆ ಕಳುಹಿಸಲಿಲ್ಲ ಎಂಬುದು ನಿಜ. ಆದರೆ ದೇಶದ ಉತ್ತರದ ಮರುಭೂಮಿಯನ್ನು ಸಾಮಾನ್ಯ ಜನರಿಗೆ ಮುಚ್ಚಿ ಸೈನ್ಯಕ್ಕೆ ಬಿಟ್ಟುಕೊಡಲಾಯಿತು. ತನ್ನ ಸ್ವಂತ ಪ್ರಜೆಗಳು ಹತ್ತು ಲಕ್ಷಕ್ಕಿಂತ ಕಡಿಮೆ ಇದ್ದ ದೇಶದಲ್ಲಿ ಲಕ್ಷಕ್ಕೂ ಮಿಕ್ಕಿ ಪರದೇಶದ ಸೈನಿಕರು ಬೀಡುಬಿಟ್ಟರು. ಮಾರ್ಚ್ 20ರಂದು ನೆಲದ ಮೇಲಿನ ದಾಳಿ ಹೊರಟದ್ದು ಮುಖ್ಯವಾಗಿ ಇಲ್ಲಿಂದಲೇ. ಅಮೆರಿಕ ಪ್ರಕಟಿಸಿದ ಬೆಂಬಲಿಗ ದೇಶಗಳ ಪಟ್ಟಿಯಲ್ಲಿ ಕುವೈತಿನ ಹೆಸರೂ ಇತ್ತು. ಕತ್ತಿ ಹಿಡಿದವನು ಬೇರೆ, ಬಾಗಿಲು ತೆರೆದವನು ಬೇರೆ ಎಂದು ಕುವೈತ್ ವಾದಿಸಬಹುದು. ಬಸ್ರಾದ ತಾಯಿಗೆ ಈ ವ್ಯತ್ಯಾಸ ಕಾಣುವುದು ಕಷ್ಟ.

ಕುವೈತಿಗೆ ಬೇರೆ ದಾರಿ ಇತ್ತೇ? ಈ ಪ್ರಶ್ನೆಗೆ ನಾವು ಸುಲಭವಾಗಿ ಹೌದು ಎನ್ನಲಾರೆವು. ಇರಾಕಿನ ಉತ್ತರದಲ್ಲಿರುವ ತುರ್ಕಿಯ ಸಂಸತ್ತಿಗೂ ಇದೇ ಕೋರಿಕೆ ಬಂದಿತ್ತು. 2003ರ ಮಾರ್ಚ್ 1ರಂದು ಮತ ಹಾಕಿದಾಗ ಪರವಾಗಿ 264, ವಿರುದ್ಧವಾಗಿ 250 ಬಂದರೂ, ತಟಸ್ಥರನ್ನು ಸೇರಿಸಿ ಎಣಿಸಿದಾಗ ಬೇಕಾದ ಬಹುಮತಕ್ಕೆ ಮೂರು ಮತ ಕಡಿಮೆಯಾಯಿತು. ದಾರಿ ಸಿಗಲಿಲ್ಲ. ತುರ್ಕಿ ತೀರದಲ್ಲಿ ಕಾಯುತ್ತಿದ್ದ ಅಮೆರಿಕದ ಹಡಗುಗಳು ಸೂಯೆಜ್ ಮೂಲಕ ಸುತ್ತಿ ಬಂದು ಲಂಗರು ಹಾಕಿದ್ದು ಕುವೈತಿನಲ್ಲಿ. ಆದರೆ ತುರ್ಕಿ ದೊಡ್ಡ ದೇಶ, ದೊಡ್ಡ ಸೈನ್ಯವಿರುವ ದೇಶ. ಅದು ಇಲ್ಲ ಎಂದರೂ ಉಳಿಯುತ್ತದೆ. ಸಣ್ಣ ಮತ್ತು ಬಡ ದೇಶ ಇಲ್ಲ ಎಂದರೆ ಏನಾಗುತ್ತದೆ ಎಂಬುದಕ್ಕೆ ಯೆಮನ್ ಸಾಕ್ಷಿ. 1990ರ ನವೆಂಬರಿನಲ್ಲಿ ಭದ್ರತಾ ಮಂಡಳಿಯಲ್ಲಿ ಯುದ್ಧದ ನಿರ್ಣಯಕ್ಕೆ ವಿರುದ್ಧವಾಗಿ ಕೈಯೆತ್ತಿದ್ದು ಯೆಮನ್ ಮತ್ತು ಕ್ಯೂಬಾ ಮಾತ್ರ. ಅಮೆರಿಕ ಯೆಮನಿಗೆ ಕೊಡುತ್ತಿದ್ದ ನೆರವು ನಿಂತಿತು. ಯೆಮನ್ ಸರಕಾರದ ನಿಲುವಿನ ಮೇಲಿನ ಸಿಟ್ಟಿಗೆ ಸೌದಿಯಲ್ಲಿದ್ದ ಲಕ್ಷಾಂತರ ಯೆಮನಿ ಕೂಲಿಗಳು ಗಂಟುಮೂಟೆ ಕಟ್ಟಿ ಹೊರಡಬೇಕಾಯಿತು. ಕುವೈತಿನೊಳಗೆ ಪ್ಯಾಲೆಸ್ತೀನಿಯರ ಗತಿಯೂ ಇದೇ. ಅವರ ನಾಯಕ ಅರಾಫತ್ ಸದ್ದಾಂ ಪಕ್ಷ ವಹಿಸಿದರು. ಬಿಡುಗಡೆಯ ನಂತರ, ಅಲ್ಲೇ ಹುಟ್ಟಿ ಬೆಳೆದ ಮಾಸ್ತರರು, ಇಂಜಿನಿಯರರು, ಗುಮಾಸ್ತರು ಕುವೈತಿನಲ್ಲಿ ಉಳಿಯದಂತಾಯಿತು. ಮೂರು ಲಕ್ಷಕ್ಕೂ ಹೆಚ್ಚಿದ್ದ ಸಮುದಾಯ ಕೆಲವು ಹತ್ತು ಸಾವಿರಕ್ಕೆ ಇಳಿಯಿತು.

ಗಲ್ಫಿನಲ್ಲಿ ಮಕ್ಕಳಿರುವ ಪ್ರತಿಯೊಂದು ಕುಟುಂಬವೂ ಇದನ್ನು ಗಮನಿಸಬೇಕು. ಸರಕಾರಗಳು ಪಕ್ಷ ಹಿಡಿಯುತ್ತವೆ. ಕೆಲಸ, ಮನೆ, ಕೂಡಿಟ್ಟದ್ದು ಕಳಕೊಳ್ಳುವವರು ಆ ನಿರ್ಧಾರದಲ್ಲಿ ಮತವೇ ಇಲ್ಲದ ಪರದೇಶದ ದುಡಿಮೆಗಾರರು.

2003ರ ಮಾರ್ಚಿಗೆ ಮರಳೋಣ. ಯುದ್ಧ ಶುರುವಾದ ದಿನದಿಂದಲೇ ಇರಾಕ್ ಕುವೈತಿನತ್ತ ಕ್ಷಿಪಣಿಗಳನ್ನು ಹಾರಿಸಿತು. ಸೈರನ್ ಕೂಗಿದಾಗ ಕಿಟಕಿಗಳಿಗೆ ಪ್ಲಾಸ್ಟಿಕ್ ಅಂಟಿಸಿದ ಕೋಣೆಯಲ್ಲಿ ಕುಳಿತು ಜಪಸರ ಹೇಳಿದ್ದನ್ನು ಅಲ್ಲಿದ್ದವರು ಇಂದಿಗೂ ನೆನೆಯುತ್ತಾರೆ. ಮಾರ್ಚ್ 29ರ ನಸುಕಿನಲ್ಲಿ ಒಂದು ಕ್ಷಿಪಣಿ ಕುವೈತ್ ನಗರದ ಸಮುದ್ರ ತೀರದಲ್ಲಿರುವ ಸೂಕ್ ಶರ್ಕ್ ಮಾರುಕಟ್ಟೆಯ ಬಳಿ ಬಿದ್ದಿತು. ಹಗಲಾಗಿದ್ದರೆ ಅಲ್ಲಿ ಎಷ್ಟು ಮಂದಿ ಇರುತ್ತಿದ್ದರೆಂದು ಹೇಳಬೇಕಾಗಿಲ್ಲ. ಅದಕ್ಕೆ ಐದು ದಿನ ಮೊದಲು ಕೈರೋದಲ್ಲಿ ಅರಬ್ ಲೀಗಿನ ವಿದೇಶ ಮಂತ್ರಿಗಳು ದಾಳಿಯನ್ನು ಖಂಡಿಸಿ, ಸೈನ್ಯ ಹಿಂದೆ ಸರಿಯಬೇಕೆಂದು ನಿರ್ಣಯ ಮಾಡಿದ್ದರು. ತನ್ನ ಮೇಲೆ ಬೀಳುತ್ತಿರುವ ಕ್ಷಿಪಣಿಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲವೆಂದು ಒಪ್ಪದಿದ್ದದ್ದು ಕುವೈತ್ ಒಂದೇ. ಸಹೋದರರ ನಡುವೆ ಒಂಟಿಯಾಗಿ ನಿಂತ ಅದರ ದೂರಿನಲ್ಲಿ ಹುರುಳಿಲ್ಲ ಎನ್ನಲಾಗದು. 1990ರಲ್ಲಿ ತನ್ನನ್ನು ನುಂಗಿದಾಗ ಈ ಸಹೋದರರಲ್ಲಿ ಕೆಲವರು ಗೋಡೆ ಮೇಲೆ ಕುಳಿತಿದ್ದರು ಎಂಬುದನ್ನು ಅದು ಮರೆತಿರಲಿಲ್ಲ.

ಈಗ ನಮ್ಮ ಮನೆಯ ವಿಷಯ. ಪೋಪ್ ಎರಡನೇ ಜಾನ್ ಪಾವ್ಲರು ಆ ವರ್ಷ ಜನವರಿ 13ರಂದೇ ರಾಯಭಾರಿಗಳ ಮುಂದೆ ಯುದ್ಧ ಬೇಡವೆಂದು ಸ್ಪಷ್ಟವಾಗಿ ಹೇಳಿದ್ದರು. ಫೆಬ್ರವರಿಯಲ್ಲಿ ಕಾರ್ಡಿನಲ್ ಎಚ್ಚೆಗಾರೆಯವರನ್ನು ಬಾಗ್ದಾದಿಗೆ ಕಳುಹಿಸಿದರು. ಮಾರ್ಚ್ 5ರಂದು, ವಿಭೂತಿ ಬುಧವಾರ, ಕಾರ್ಡಿನಲ್ ಪಿಯೊ ಲಾಗಿ ಪೋಪರ ಪತ್ರದೊಂದಿಗೆ ಅಧ್ಯಕ್ಷ ಬುಷ್ ಅವರನ್ನು ಕಂಡರು. ಅದೇ ದಿನ ಜಗತ್ತಿನ ಎಲ್ಲ ಕಥೋಲಿಕರು ಶಾಂತಿಗಾಗಿ ಉಪವಾಸ ಮಾಡಬೇಕೆಂದು ಕರೆಯಿತ್ತರು. ನಾವು ಆಗ ಸೆಮಿನರಿಯಲ್ಲಿದ್ದೆವು. ಉಪವಾಸ ಮಾಡಿದೆವು, ಪ್ರಾರ್ಥಿಸಿದೆವು. ಆದರೆ ರಜೆಯಲ್ಲಿ ಊರಿಗೆ ಬಂದಾಗ ಕೇಳಿದ ಮಾತುಗಳ ಧಾಟಿ ಬೇರೆಯೇ ಇತ್ತು. ಸದ್ದಾಂ ತೊಲಗಿದರೆ ಒಳ್ಳೆಯದು, ಬೇಗ ಮುಗಿಯಲಿ, ಕುವೈತಿನ ವೀಸಾ ಮತ್ತೆ ಶುರುವಾಗಲಿ. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಇರಾಕಿನ ಜನರಿಗಾಗಿ ಒಂದು ಸಾಲು ಬರೆದುಕೊಟ್ಟಾಗ, ನಮ್ಮ ಪರಿಚಯದ ಹಿರಿಯರೊಬ್ಬರು, ಗುರ್ಕಾರರಾಗಿದ್ದವರು, ನಯವಾಗಿಯೇ ಹೇಳಿದರು: "ಯುದ್ಧ ಬ್ಯಾಡ ಅಂದ್ರೆ ಕುವೈತ್ ಬ್ಯಾಡ ಅಂದಾಂಗ್ ಆತ್ತ್ ಬ್ರದರ್. ನಮ್ ಮಕ್ಳ್ ಮತ್ತ್ ಎಲ್ಲಿಗ್ ಹೋಪ್ದ್?" ಆ ಸಾಲನ್ನು ಬದಲಿಸಿ "ಗಲ್ಫಿನಲ್ಲಿರುವ ನಮ್ಮವರ ಸುರಕ್ಷತೆಗಾಗಿ" ಎಂದು ಓದಲಾಯಿತು. ಬದಲಿಸಿದವರು ನಾವೇ.

ಆ ಹಿರಿಯರನ್ನು ದೂರುವ ಮನಸ್ಸು ಈಗಲೂ ಇಲ್ಲ. ಹೆದ್ದಾರಿಯಲ್ಲಿ ತಲ್ಲೂರು ಪೇಟೆಗೆ ಬಂದು ಹಟ್ಟಿಯಂಗಡಿ ದಾರಿಗೆ ತಿರುಗುವ ಯಾರೇ ಆದರೂ ಎರಡೂ ಬದಿಯ ಮನೆಗಳನ್ನು ನೋಡಿದರೆ ಅರ್ಥವಾಗುತ್ತದೆ. ಹಂಚಿನ ಮಾಡು ಹೋಗಿ ತಾರಸಿ ಬಂದದ್ದು, ಹೆಣ್ಣುಮಕ್ಕಳು ನರ್ಸಿಂಗ್ ಕಲಿತದ್ದು, ಚರ್ಚಿನ ಗಂಟೆಯಿಂದ ಹಿಡಿದು ಶಾಲೆಯ ಬೆಂಚಿನವರೆಗೆ ಎಷ್ಟೋ ದಾನ ಬಂದದ್ದು ಆ ದಿನಾರುಗಳಿಂದ. ಅನ್ನ ಕೊಟ್ಟ ದೇಶದ ಬಗ್ಗೆ ಕೆಟ್ಟದ್ದು ಆಡಬಾರದೆಂಬುದು ನಮ್ಮವರ ಸಂಸ್ಕಾರ. ಕುವೈತ್ ಅಮೆರಿಕಕ್ಕೆ ಋಣಿ, ನಾವು ಕುವೈತಿಗೆ ಋಣಿ. ಎರಡೂ ಋಣ ಸುಳ್ಳಲ್ಲ. ಕುವೈತ್ ತನ್ನ ಋಣವನ್ನು ನೆರೆಯವನ ಜೀವದಿಂದ ತೀರಿಸಿತು, ನಾವು ನಮ್ಮದನ್ನು ಮೌನದಿಂದ ತೀರಿಸಿದೆವು ಎಂಬುದೇ ನಮ್ಮ ತಕರಾರು.

ಇಂಥ ಋಣ ನಮ್ಮ ನಾಡಿಗೆ ಹೊಸತೇನಲ್ಲ. ಘಟ್ಟದ ಮೇಲಿನ ಕೊಡಗನ್ನೇ ನೋಡಿ. ಟಿಪ್ಪು ಸುಲ್ತಾನನ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡ ವೀರರಾಜೇಂದ್ರ 1790ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯೊಂದಿಗೆ ಒಪ್ಪಂದ ಮಾಡಿಕೊಂಡ. ಮಲಬಾರ್ ಕರಾವಳಿಯಿಂದ ಘಟ್ಟ ಹತ್ತಿ ಮೈಸೂರಿಗೆ ಹೋಗುವ ಬೊಂಬಾಯಿ ಸೈನ್ಯಕ್ಕೆ ಕೊಡಗಿನ ದಾರಿ ಬಿಟ್ಟುಕೊಟ್ಟ, ಅಕ್ಕಿ ಕೊಟ್ಟ, ಎತ್ತುಗಳನ್ನು ಕೊಟ್ಟ. 1799ರಲ್ಲಿಯೂ ಹಾಗೆಯೇ, ಆ ಮಾರ್ಚಿನಲ್ಲಿ ಗಡಿಯ ಸಿದ್ಧೇಶ್ವರದಲ್ಲಿ ಟಿಪ್ಪುವಿನ ಸೇನೆಯನ್ನು ತಡೆದದ್ದು ಕೊಡಗಿನ ಮೂಲಕ ಬಂದ ಆ ಸೈನ್ಯವೇ. ಶ್ರೀರಂಗಪಟ್ಟಣ ಬಿತ್ತು. ಕರಾವಳಿಯ ಕ್ರೈಸ್ತರಾದ ನಮಗೆ ಇದು ಬರಿಯ ಪಾಠಪುಸ್ತಕದ ವಿಷಯವಲ್ಲ. 1784ರಲ್ಲಿ ಸೆರೆ ಹೋದ ನಮ್ಮ ಹಿರಿಯರಲ್ಲಿ ಬದುಕಿ ಉಳಿದವರು ಊರಿಗೆ ಮರಳಿದ್ದು ಆ ಪತನದ ಬಳಿಕ. ದೊಡ್ಡ ಸೈನ್ಯವೊಂದು ಬಂದು ಬಿಡಿಸಿದವರ ಮನಸ್ಸು ಹೇಗಿರುತ್ತದೆಂದು ನಮಗೆ ಹೊರಗಿನವರು ಹೇಳಬೇಕಾಗಿಲ್ಲ. ಟಿಪ್ಪುವಿನ ಬಗೆಗಿನ ಇಂದಿನ ಜಗಳಗಳಿಗೆ ಇಳಿಯುವುದು ನಮ್ಮ ಉದ್ದೇಶವಲ್ಲ, ಅದು ಬೇರೆಯೇ ಮಾತು.

ಆದರೆ ಕೊಡಗಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. 1834ರಲ್ಲಿ ಅದೇ ಕಂಪೆನಿಯ ಸೈನ್ಯ ಕೊಡಗಿಗೆ ನುಗ್ಗಿತು. ರಾಜ ಚಿಕ್ಕವೀರ ದುರಾಡಳಿತ ನಡೆಸುತ್ತಿದ್ದಾನೆಂಬ ಕಾರಣ ಕೊಟ್ಟು, ಅವನನ್ನು ಇಳಿಸಿ ಕಾಶಿಗೆ ಕಳುಹಿಸಿ, ರಾಜ್ಯವನ್ನು ತನ್ನದಾಗಿಸಿಕೊಂಡಿತು. ಅಮರ ಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದ್ದೂ ಆಗಲೇ. 1837ರ ಬಂಡಾಯದ ಕಿಡಿ ಅಲ್ಲಿಂದಲೂ ಹೊತ್ತಿತು. ಕುವೈತಿಗೆ ಈ ಗತಿ ಬಂದಿಲ್ಲ, ಅಮೆರಿಕ ಅದನ್ನು ನುಂಗಿಲ್ಲ. ಆದರೆ ಮಿತ್ರನ ಸೈನ್ಯ ನಮ್ಮ ನೆಲದಿಂದ ಯಾವಾಗ, ಯಾರ ಮೇಲೆ ಹೋಗಬೇಕೆಂದು ತೀರ್ಮಾನಿಸುವ ಅಧಿಕಾರ ನಮ್ಮ ಕೈಯಲ್ಲಿ ಉಳಿಯುವುದಿಲ್ಲ ಎಂಬುದು ಎರಡೂ ಕಡೆ ಒಂದೇ. 2025ರ ಜೂನಿನಲ್ಲಿ ಇರಾನಿನ ಅಣುಸ್ಥಾವರಗಳ ಮೇಲೆ ಬಾಂಬು ಹಾಕಿದ ಅಮೆರಿಕದ ವಿಮಾನಗಳು ಹೊರಟದ್ದು ಅಮೆರಿಕದಿಂದಲೇ. ಪ್ರತೀಕಾರದ ಕ್ಷಿಪಣಿ ಬಿದ್ದದ್ದು ಕತಾರಿನಲ್ಲಿ.

2003ರ ಆ ಬಾಗಿಲಿನಿಂದ ಹೋದ ಯುದ್ಧ ಇರಾಕಿನಲ್ಲಿ ಏನು ಮಾಡಿತೆಂಬುದು ಎಲ್ಲರಿಗೂ ಗೊತ್ತು. ಬಾಗ್ದಾದ್ ಮೂರು ವಾರಗಳಲ್ಲಿ ಬಿದ್ದಿತು. ಸಾವು ಮಾತ್ರ ನಿಲ್ಲಲಿಲ್ಲ. ಲಕ್ಷಕ್ಕೂ ಹೆಚ್ಚು ನಾಗರಿಕರು ಸತ್ತರು. ಸದ್ದಾಂ ಕ್ರೂರಿಯಾಗಿದ್ದುದು ನಿಜ, ಕುರ್ದರಿಗೂ ಶಿಯಾಗಳಿಗೂ ಅವರು ಮಾಡಿದ್ದನ್ನು ಯಾರೂ ಸಮರ್ಥಿಸಲಾರರು. ಆದರೆ ಅವರ ನಂತರ ಬಂದ ಅರಾಜಕತೆಯಲ್ಲಿ ಅಲ್ಲಿಯ ಪುರಾತನ ಕ್ರೈಸ್ತ ಸಮುದಾಯ ಬುಡಸಹಿತ ಅಲುಗಾಡಿತು. ಯುದ್ಧಕ್ಕೆ ಮೊದಲು 12ರಿಂದ 15 ಲಕ್ಷವೆಂದು ಅಂದಾಜಿಸಲಾಗಿದ್ದ ಆ ಜನ ಇಂದು ಮೂರು ಲಕ್ಷಕ್ಕಿಂತ ಕಡಿಮೆ. ಮೊಸುಲಿನ ಕಲ್ದೀಯ ಮಹಾಧರ್ಮಾಧ್ಯಕ್ಷ ಪಾವ್ಲೋಸ್ ಫರಾಜ್ ರಹ್ಹೊ ಅವರನ್ನು 2008ರ ಫೆಬ್ರವರಿ 29ರಂದು ಶಿಲುಬೆಹಾದಿಯ ಪ್ರಾರ್ಥನೆ ಮುಗಿಸಿ ಹೊರಟಾಗ ಅಪಹರಿಸಲಾಯಿತು. ಎರಡು ವಾರಗಳ ನಂತರ ಶವ ಸಿಕ್ಕಿತು. 2010ರ ಅಕ್ಟೋಬರ್ 31ರಂದು ಬಾಗ್ದಾದಿನ ರಕ್ಷಣಾ ಮಾತೆಯ ದೇವಾಲಯದಲ್ಲಿ ಸಂಜೆಯ ಬಲಿಪೂಜೆಗೆ ಬಂದವರನ್ನು ಒತ್ತೆಯಿಟ್ಟು ಐವತ್ತಕ್ಕೂ ಹೆಚ್ಚು ಮಂದಿಯನ್ನು ಕೊಂದರು. ಸತ್ತವರಲ್ಲಿ ಇಬ್ಬರು ಯುವ ಗುರುಗಳು. ಪೋಪರು ಯಾವುದಕ್ಕೆ ಹೆದರಿದ್ದರೋ ಅದೇ ಆಯಿತು.

ನಮ್ಮವರನ್ನೂ ಆ ಯುದ್ಧ ಬಿಡಲಿಲ್ಲ. ಕುವೈತಿನಿಂದ ಇರಾಕಿಗೆ ದಿನವೂ ಸಾಮಾನು ಸಾಗಿಸುತ್ತಿದ್ದ ಲಾರಿಗಳ ಸ್ಟೇರಿಂಗ್ ಹಿಡಿದವರು ಭಾರತ, ಪಾಕಿಸ್ತಾನ, ಕೀನ್ಯ, ಈಜಿಪ್ಟಿನ ಬಡವರು. 2004ರ ಜುಲೈಯಲ್ಲಿ ಕುವೈತಿನ ಸಾರಿಗೆ ಕಂಪೆನಿಯೊಂದರ ಏಳು ಚಾಲಕರನ್ನು ಇರಾಕಿನಲ್ಲಿ ಅಪಹರಿಸಲಾಯಿತು, ಮೂವರು ಭಾರತೀಯರು. ಬಿಡುಗಡೆಯಾದದ್ದು ಸೆಪ್ಟೆಂಬರ್ 1ರಂದು. ನಮ್ಮ ಸರಕಾರ ಈ ವಿಷಯದಲ್ಲಿ ತಕ್ಕಮಟ್ಟಿಗೆ ಸರಿಯಾಗಿ ನಡೆಯಿತೆಂದು ಹೇಳಬೇಕು. 2003ರ ಏಪ್ರಿಲಿನಲ್ಲಿ ಲೋಕಸಭೆ ದಾಳಿಯನ್ನು ಖಂಡಿಸಿತು. ಜುಲೈ 14ರಂದು ವಾಜಪೇಯಿ ಸರಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಇರಾಕಿಗೆ ಸೈನಿಕರನ್ನು ಕಳುಹಿಸಲಾಗದೆಂದು ಅಮೆರಿಕಕ್ಕೆ ತಿಳಿಸಿತು. ಅಮೆರಿಕದ ಸ್ನೇಹ ಅದರಿಂದ ಮುರಿದು ಬೀಳಲಿಲ್ಲ.

ಕುವೈತ್ ಮತ್ತು ಇರಾಕಿನ ಲೆಕ್ಕ ಇನ್ನೂ ಪೂರ್ತಿ ಚುಕ್ತಾ ಆಗಿಲ್ಲ. 1990ರ ನಷ್ಟಕ್ಕಾಗಿ ವಿಶ್ವಸಂಸ್ಥೆಯ ಪರಿಹಾರ ಆಯೋಗದ ಮೂಲಕ ಇರಾಕ್ ತೆತ್ತದ್ದು 52.4 ಶತಕೋಟಿ ಡಾಲರ್. ಎಣ್ಣೆ ಮಾರಿದ ಹಣದಿಂದ ಮೊದಲು ಶೇಕಡಾ 30, ನಂತರ 25, ಸದ್ದಾಂ ಪತನದ ಮೇಲೆ 5 ಎಂದು ಕಳೆದು ಕಳೆದು ಕೊನೆಯ ಕಂತು ಸಂದಾಯವಾದದ್ದು 2022ರ ಜನವರಿಯಲ್ಲಿ. ಯುದ್ಧ ಸಾರಿದವರು ಸತ್ತು ಹೋದ ಮೇಲೂ, ಆಗ ಹುಟ್ಟಿಯೇ ಇರದ ಮಕ್ಕಳು ಆ ಸಾಲ ತೀರಿಸಿದರು. ಕುವೈತಿನ ಕಡೆಯಿಂದಲೂ ಒಳ್ಳೆಯ ಹೆಜ್ಜೆಗಳು ಬಂದಿವೆ. 2018ರ ಫೆಬ್ರವರಿಯಲ್ಲಿ ಇರಾಕಿನ ಪುನರ್ನಿರ್ಮಾಣಕ್ಕೆ ನೆರವು ಕೂಡಿಸುವ ಅಂತಾರಾಷ್ಟ್ರೀಯ ಸಮ್ಮೇಳನವನ್ನು ಕುವೈತೇ ಕರೆಯಿತು. ಸುಮಾರು 30 ಶತಕೋಟಿ ಡಾಲರಿನ ಸಾಲ, ನೆರವುಗಳ ಭರವಸೆ ದೊರೆಯಿತು. ಇರಾಕಿನಿಂದ ಗಾಯಗೊಂಡ ದೇಶ, ಇರಾಕಿಗಾಗಿ ಬೇರೆಯವರ ಮುಂದೆ ಕೈಯೊಡ್ಡಿತು. 2003ರ ಬಾಗಿಲಿಗಿಂತ ಈ ಬಾಗಿಲು ದೊಡ್ಡದು ಎಂದು ನಮಗನಿಸುತ್ತದೆ. ಆದರೂ ಖೋರ್ ಅಬ್ದುಲ್ಲಾ ಜಲಮಾರ್ಗದ ಬಗೆಗಿನ 2012ರ ಒಪ್ಪಂದವನ್ನು ಅಂಗೀಕರಿಸಿದ ಕಾನೂನನ್ನು ಇರಾಕಿನ ಸರ್ವೋಚ್ಚ ನ್ಯಾಯಾಲಯ 2023ರ ಸೆಪ್ಟೆಂಬರಿನಲ್ಲಿ ರದ್ದುಮಾಡಿತು. ಗಡಿಯ ಹಳೆಯ ಸಿಟ್ಟು ಬೂದಿಯೊಳಗಿನ ಕೆಂಡದಂತೆ ಇದೆ.

ಆ ಪರಿಹಾರದ ಹಣದಲ್ಲಿ ಒಂದು ಸಣ್ಣ ಪಾಲು ನಮ್ಮ ಕರಾವಳಿಗೂ ಬಂತು. ಕುವೈತ್ ಬಿಟ್ಟು ಓಡಬೇಕಾದ ಕೆಲಸಗಾರರಿಗೆ ಒಬ್ಬೊಬ್ಬರಿಗೆ 2,500 ಅಥವಾ 4,000 ಡಾಲರಿನಂತೆ ನಿಗದಿಯಾಗಿತ್ತು. ಅದು ಬರಲು ವರ್ಷಗಳೇ ಹಿಡಿದವು. ಅರ್ಜಿಗೆ ಅಲ್ಲಿದ್ದದ್ದಕ್ಕೆ ದಾಖಲೆ ಬೇಕಿತ್ತು. ಪಾಸ್‌ಪೋರ್ಟನ್ನು ಮಾಲಿಕರ ಕೈಯಲ್ಲೇ ಬಿಟ್ಟು ಬಂದವರು ಅಲೆದಾಡಿದರು. ತಮಗೆ ಸಿಕ್ಕಿದ ಆ ಡಾಲರುಗಳು ಇರಾಕಿನ ಎಣ್ಣೆಯಿಂದ ಕಡಿದ ಹಣವೆಂದು ನಮ್ಮಲ್ಲಿ ಎಷ್ಟು ಮಂದಿಗೆ ಹೊಳೆದಿತ್ತೋ!

ಆದುದರಿಂದ ಎರಡು ಕೋರಿಕೆ. ಗಲ್ಫಿನಲ್ಲಿ ಮಕ್ಕಳಿರುವವರು ಅವರ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು ಪತ್ರಗಳ ಪ್ರತಿಗಳನ್ನು ಮನೆಯಲ್ಲಿ ಒಂದು ಕಡೆ ಇಟ್ಟುಕೊಳ್ಳಲಿ. ವಾರ್ಡಿನ ಗುರ್ಕಾರರು ಯಾರು ಯಾವ ದೇಶದಲ್ಲಿದ್ದಾರೆಂಬ ಪಟ್ಟಿಯನ್ನು ಬರೆದಿಟ್ಟರೆ, ಆಕಾಶ ಮುಚ್ಚಿದ ರಾತ್ರಿ ಧರ್ಮಕೇಂದ್ರದ ಕಚೇರಿಗೆ ಕೆಲಸ ಸುಲಭವಾಗುತ್ತದೆ. ಇನ್ನೊಂದು, ಮುಂದೆ ಇಂಥ ರಾತ್ರಿ ಬಂದಾಗ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ದೋಹಾ, ಕುವೈತ್‌ಗಳ ಹೆಸರಿನ ಜೊತೆ ಬಸ್ರಾ, ಮೊಸುಲ್, ತೆಹ್ರಾನ್‌ಗಳ ಹೆಸರನ್ನೂ ಓದೋಣ. ಜೂನ್ 24ರ ನಂತರದ ಭಾನುವಾರ ಹಾಗೆ ಓದಿದೆವು. ಮಗ ದೋಹಾದಲ್ಲಿರುವ ಆ ತಾಯಿ ಮುಂದಿನ ಸಾಲಿನಲ್ಲಿದ್ದರು. ಬಲಿಪೂಜೆ ಮುಗಿದ ಮೇಲೆ ಬಂದು, "ತೆಹ್ರಾನಿನಂಗೂ ನಮ್ಮವ್ರ್ ಇದ್ರಾ ಫಾದರ್?" ಎಂದು ಕೇಳಿದರು. ಇದ್ದಾರೆ ಎಂದೆವು.